ಚಿಕ್ಕಮ್ಮನ ತಾಯತಕ್ಕೂ ಶಿಫ್ಟು

ಬೆಳಿಗ್ಗೆ ಎದ್ದು ಸಂಪ್‌ಗೆ ನೀರು ಬಿಟ್ಟೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ. ಬಾಗಿಲ ಮೇಲೆ ಕಟ್ಟಿದ್ದ ಬೂದುಗುಂಬಳಕಾಯಿ ಕೊಳೆತು ಯಜಮಾನರ ಇಸ್ತ್ರಿ ಶರ್ಟಿನ ಮೇಲೆ ತೊಟ್ಟಿಕ್ಕಿತ್ತು. ಅದನ್ನು ಎರಡು ಸಲ ಒಗೆದೆ. ಕುಂಬಳಕಾಯಿ ಕಟ್ಟಿದವಳು ನಮ್ಮ ಜೊತೆಗೇ ಇರುವ ನನ್ನ ಚಿಕ್ಕಮ್ಮ. ಶರ್ಟು ಹಾಳಾಯಿತಲ್ಲ ಎಂದರೆ, “ಶರ್ಟಲ್ಲೇ ಹೋಯ್ತಲ್ಲ, ಖುಷಿಪಡು! ಆ ದೃಷ್ಟಿ ತಲೆಗೇ ಬೀಳ್ಬೇಕಿತ್ತು” ಎಂದಳು.

ರಾಜಗೋಪಾಲನಗರದ ನಮ್ಮ ಬೀದಿಗೆ ಭೂತಗಳು ಬರದಿರುವುದಕ್ಕೆ ಚಿಕ್ಕಮ್ಮನೇ ಕಾರಣ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಯಾವ ಭೂತಕ್ಕೆ ಅಷ್ಟು ತಾಳ್ಮೆ? ಗೇಟಿಗೆ ಕುದುರೆ ಲಾಳ, ಹೊಸ್ತಿಲಿಗೆ ಸ್ವಸ್ತಿಕ, ಕಿಟಕಿಗೆ ನಿಂಬೆಹಣ್ಣು, ವಾಷಿಂಗ್ ಮೆಷಿನ್ನಿಗೂ ಕರಿದಾರ! ಇವನ್ನೆಲ್ಲ ದಾಟುವಷ್ಟರಲ್ಲಿ ಬೆಳಗಾಗಿಬಿಡುತ್ತದೆ.

ಒಂದೊಂದಕ್ಕೂ ಅವಳ ಬಳಿ ಅರ್ಥವುಂಟು. ಲಾಳ ಮೇಲ್ಮುಖವಾಗಿರಬೇಕು, ಬಂದ ಅದೃಷ್ಟ ಚೆಲ್ಲಬಾರದು. ಸ್ವಸ್ತಿಕಕ್ಕೆ ನಾಲ್ಕು ಕೈ, ನಾಲ್ಕು ದಿಕ್ಕಿನಿಂದಲೂ ಒಳ್ಳೆಯದು ಬರಲಿ ಎಂದು.

“ನಾಲ್ಕು ದಿಕ್ಕಿಂದ್ಲೂ ಬರ್ತಿರೋದು ಸೊಳ್ಳೆ, ಚಿಕ್ಕಮ್ಮ” ಎಂದರು ಯಜಮಾನರು.

“ಅದಕ್ಕೆ ಕಾಯಿಲ್ ಹಚ್ಚಿ, ಅಳಿಯಂದ್ರೇ. ಸ್ವಸ್ತಿಕ ಒಂದೇ ಎಲ್ಲಾ ಕೆಲ್ಸ ಮಾಡಕ್ಕಾಗುತ್ತಾ?”

ಪೀಣ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುವುದು ಅವಳ ಕೆಲಸ. ಅಲ್ಲಿ ಕರೆಂಟಿನ ಪೆಟ್ಟಿಗೆಯ ಮೇಲೆ ಹಳದಿ ತ್ರಿಕೋನ, ಅದರೊಳಗೆ ಮಿಂಚು. ನಮಗೆ ಅದು ಅಪಾಯದ ಬೋರ್ಡು. ಅವಳಿಗೆ ಸಾಕ್ಷಾತ್ ದೇವಿಯ ಯಂತ್ರ! ದಿನಾ ಕುಂಕುಮ ಹಚ್ಚಿ ಹಚ್ಚಿ ಮಿಂಚೇ ಮುಚ್ಚಿಹೋಯಿತು. ಎಲೆಕ್ಟ್ರಿಷಿಯನ್ ರೇಗಿದ್ದಕ್ಕೆ ಚಿಕ್ಕಮ್ಮನೇ ತಿರುಗಿ ಕೇಳಿದಳಂತೆ: “ಯಾರೂ ಮುಟ್ಬಾರ್ದು ಅಂತ ತಾನೇ ಹಾಕಿರೋದು? ಕುಂಕುಮ ಇಟ್ಮೇಲೆ ಯಾರಾದ್ರೂ ಮುಟ್ಟಿದಾರಾ ಹೇಳಪ್ಪ!”

ಅಂಥವಳಿಗೆ ನಿನ್ನೆ ಸಮಾನರಾದವರು ಸಿಕ್ಕರು. ಹೊಸದಾಗಿ ಬಂದ ಸೇಫ್ಟಿ ಮೇಡಂ ಅವಳ ಕೊರಳ ಕರಿದಾರವನ್ನೂ ಅದರ ತಾಮ್ರದ ತಾಯತವನ್ನೂ ನೋಡಿಬಿಟ್ಟರು. ಸಂಜೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಎರಡೂ ಪಾತ್ರ ತಾನೇ ಆಡಿ ತೋರಿಸಿದಳು.

“ಅಮ್ಮ, ದಾರ ಮೆಷಿನ್‌ಗೆ ಸಿಕ್ಕಿದ್ರೆ ಕುತ್ತಿಗೇನೇ ಹೋಗುತ್ತೆ. ತೆಗೀರಿ.”

“ರವಿಕೆ ಒಳಗೆ ಹಾಕ್ಕೊಂಡಿದೀನಿ.”

“ಆಗಲ್ಲಮ್ಮ. ನಾಳೆ ಇದು ಇದ್ರೆ ನೀವು ಮೆಷಿನ್ ಮುಟ್ಟೋ ಹಾಗಿಲ್ಲ. ಮನೆಗೆ ಹೋಗ್ಬೇಕಾಗುತ್ತೆ.”

“ಹೋಗ್ತೀನಿ ಬಿಡಿ! ಬಳೆ ಅಂದ್ರಿ, ಬಿಚ್ಚಿದೆ. ಉಂಗುರ ಅಂದ್ರಿ, ಬಿಚ್ಚಿದೆ. ಇದನ್ನ ಮಾತ್ರ ಬಿಚ್ಚಲ್ಲ.”

ಆ ಮೆಷಿನ್ ಬಿಟ್ಟು ಚಿಕ್ಕಮ್ಮ ಒಂದು ವಾರ ಮನೆಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ.

“ದೇವರ ಮನೇಲಿಟ್ಟು ಹೋಗಿ” ಎಂದರು ಯಜಮಾನರು.

“ದೇವರ ಮನೇಲಿಡೋಕೆ ಇದೇನ್ ದೇವ್ರಾ?”

“ಒಳಗೆ ಮಂತ್ರ ಇಲ್ವೇನೇ?” ಎಂದೆ ನಾನು.

“ನಂಗ್ಯಾವ ಮಂತ್ರ ಬರುತ್ತೆ!” ಎಂದವಳು ಸೊಪ್ಪು ಬಿಡಿಸತೊಡಗಿದಳು. ಆಮೇಲೆ ತಲೆಯೆತ್ತದೆ ಹೇಳಿದಳು: “ನಿನ್ನ ಹೊಕ್ಕುಳಬಳ್ಳಿ ಕಣೇ. ನೀನು ಹುಟ್ಟಿದಾಗ ಒಂದು ಹಿಡಿ ಇದ್ದೆ. ನಿಮ್ಮಮ್ಮ ಜ್ವರದಲ್ಲಿ ಮಲಗಿದ್ಲು. ಬಳ್ಳಿ ಒಣಗಿ ಬಿದ್ದಾಗ ತಾಯತಕ್ಕೆ ತುಂಬಿಸಿ ನಿನ್ನ ಸೊಂಟಕ್ಕೆ ನಾನೇ ಕಟ್ಟಿದ್ದೆ. ನೀನು ದಪ್ಪಗಾದೆ, ದಾರ ಸಾಲ್ಲಿಲ್ಲ. ಎಸೆಯೋಕಾಗುತ್ತಾ? ನಾನೇ ಹಾಕ್ಕೊಂಡೆ.”

ಇಷ್ಟು ವರ್ಷ ನಾನು ನಗುತ್ತಿದ್ದುದು ನನ್ನದೇ ತುಣುಕನ್ನು ನೋಡಿ!

ಇವತ್ತು ಬೆಳಿಗ್ಗೆ ಊಟದ ಡಬ್ಬಿ ಕೈಗೆತ್ತಿಕೊಂಡವಳು ಬಾಗಿಲಿನಿಂದ ಹಿಂತಿರುಗಿ ಬಂದಳು. ತಾಯತವನ್ನು ತಲೆಯ ಮೇಲಿಂದ ತೆಗೆದು ನನ್ನ ಕೊರಳಿಗೆ ಹಾಕಿದಳು. “ಸಂಜೆ ವಾಪಸ್ ಕೊಡು. ಸ್ನಾನ ಮಾಡುವಾಗ ಬಿಚ್ಚಬೇಡ.”

“ಕೊನೆಗೂ ತೆಗೆದೆಯಲ್ಲ!”

“ತೆಗ್ದಿಲ್ಲ. ಕೊಟ್ಟಿದೀನಿ.”

ಮೇಡಂಗೂ ಹೀಗೇ ಹೇಳಿದಳಂತೆ: “ನಾನು ಬಿಚ್ಚಿಲ್ಲ ಮೇಡಂ. ಯಾರದ್ದೋ ಅವರತ್ರ ಇದೆ.” ಮೇಡಂ ಅರ್ಥವಾಗದಿದ್ದರೂ ಬರಿ ಕೊರಳು ನೋಡಿ ಮೆಷಿನ್ನಿಗೆ ಕಳುಹಿಸಿದರಂತೆ.

ಸಂಜೆ ಮನೆಗೆ ಬಂದವಳು ಕಾಫಿಗೂ ಮುಂಚೆ ಕೈಚಾಚಿದಳು. ಕೊಟ್ಟೆ. ರಾತ್ರಿ ಮುದ್ದೆ, ಬಸ್ಸಾರು, ಉಳಿದಿದ್ದ ಸೊಪ್ಪಿನ ಪಲ್ಯ. ಯಜಮಾನರು ಟಿ.ವಿ. ಮುಂದೆ ತೂಕಡಿಸುತ್ತಿದ್ದರು. ಮೊದಲು ಮಲಗಿದವಳು ಚಿಕ್ಕಮ್ಮ, ತಾಯತವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.