ಸಾಂಬ್ರಾಣಿಗೆ ಸಿಕ್ಕ ಅಂಕ

ನನ್ನ ನೆನಪಿನ ಶಕ್ತಿಯೆಲ್ಲ ಇರುವುದು ಮೂಗಿನಲ್ಲಿ. ಮದುವೆಯ ತಾರೀಖನ್ನು ಯೋಚಿಸಿ ಹೇಳುವವಳು ನಾನು. ಆದರೆ ಇದೇ ಊರಿನ ಶ್ರೀನಗರ ಬಡಾವಣೆಯ ತವರಿನ ಶುಕ್ರವಾರದ ಪರಿಮಳ ಮಾತ್ರ ಇನ್ನೂ ಮೂಗಿನ ತುದಿಯಲ್ಲಿದೆ. ಎಣ್ಣೆನೀರಾದ ಮೇಲೆ ಅಮ್ಮ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ನನ್ನ ಒದ್ದೆ ಕೂದಲನ್ನು ಅದರ ಮೇಲೆ ಹರಡುತ್ತಿದ್ದಳು. ಅದೇ ಘಮ ಹೊತ್ತು ಕಾನ್ವೆಂಟಿಗೆ ಹೋದರೆ ಅಲ್ಲಿಯ ಚಾಪೆಲ್‌ನಲ್ಲೂ ಅಂಥದೇ ಹೊಗೆ. ದೇವರುಗಳು ಬೇರೆ ಬೇರೆಯಾದರೂ ಸಾಂಬ್ರಾಣಿ ತರಿಸುವ ಅಂಗಡಿ ಒಂದೇ ಇರಬೇಕೆಂದು ಬಹಳ ಕಾಲ ನಂಬಿದ್ದೆ.

ಈಗ ಜಯನಗರದ ನಮ್ಮ ಮನೆಯಲ್ಲಿ ಬುಟ್ಟಿಯಿಲ್ಲ. ಬುಟ್ಟಿಯ ಮೇಲೆ ಹರಡುವಷ್ಟು ಕೂದಲೂ ಉಳಿದಿಲ್ಲ. ಆದರೂ ಶುಕ್ರವಾರ ತೆಂಗಿನ ಚಿಪ್ಪನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಕೋಣೆಕೋಣೆಗೂ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಬಿಟ್ಟಿರಲಿಲ್ಲ. ಅಷ್ಟರಲ್ಲಿ ನಮ್ಮ ಯಜಮಾನರು ನಿವೃತ್ತರಾದರು.

ಯಡಿಯೂರು ಕೆರೆಯ ಹತ್ತಿರ ವಾಕಿಂಗ್ ಹೋದವರಿಗೆ, ಗಾಳಿಯ ಧೂಳು ಅಳೆಯುವ ಯಂತ್ರವನ್ನು ಅಗ್ಗದಲ್ಲಿ ಮನೆಯಲ್ಲೇ ಮಾಡುವುದನ್ನು ಯಾರೋ ಹೇಳಿಕೊಟ್ಟರಂತೆ. ನನ್ನ ಊಟದ ಮೇಜು ಕಾರ್ಖಾನೆಯಾಯಿತು. ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್, ಗಾಳಿ ಎಳೆಯಲು ಪುಟಾಣಿ ಫ್ಯಾನು, ಬಣ್ಣಬಣ್ಣದ ವೈರು. ಇವೆಲ್ಲದರ ವಾಸಕ್ಕೆ ನನ್ನ ಹುಳಿಪುಡಿಯ ಡಬ್ಬಿ! ಅದಕ್ಕೆ ತೂತು ಕೊರೆಯುವಾಗ ನನ್ನ ಕರುಳಿಗೇ ಕೊರೆದ ಹಾಗಾಯಿತು. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು, ನಡುವೆ ಹಳದಿ, ಪಕ್ಕದಲ್ಲಿ ಧೂಳು ಹೆಚ್ಚಿದಷ್ಟೂ ಏರುವ ಅಂಕ. ಬೀದಿಯ ಗಾಳಿ ಅಳೆಯಬೇಕಾದ ಯಂತ್ರವನ್ನು ಅವರು ನೇತುಹಾಕಿದ್ದು ಮಾತ್ರ ಅಡುಗೆಮನೆಯ ಕಿಟಕಿಗೆ. ಪ್ಲಗ್ ಪಾಯಿಂಟ್ ಇದ್ದದ್ದು ಅಲ್ಲೇ.

ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಸರಿಯಾಗಿ ದೀಪ ಕೆಂಪಾಗತೊಡಗಿತು. "ನೋಡಿದ್ಯಾ, ಸ್ಕೂಲ್ ವ್ಯಾನ್‌ಗಳ ಹೊಗೆ!" ಎಂದು ಯಜಮಾನರು ಬೀದಿಗೆಲ್ಲ ಸಾರಿದರು. ಒಗ್ಗರಣೆಗೆ ಮೆಣಸಿನಕಾಯಿ ಮುರಿದು ಹಾಕುತ್ತಾ ನಾನು ಗಂಭೀರವಾಗಿ ತಲೆಯಾಡಿಸಿದೆ. ಭಾನುವಾರವೂ ಕೆಂಪಾದಾಗ ಮಗಳು ಸಹನಾ ಕೇಳಿಯೇಬಿಟ್ಟಳು: "ಅಪ್ಪ, ಇವತ್ತು ಯಾವ ಸ್ಕೂಲು?"

ಅಲ್ಲಿಗೆ ಯಜಮಾನರ ಕಣ್ಣು ಬೀದಿಯಿಂದ ಮನೆಯೊಳಕ್ಕೆ ತಿರುಗಿತು. ಶುಕ್ರವಾರ ನನ್ನ ಚಿಪ್ಪಿನ ಕೆಂಡ ಹೊಗೆಯಾಡಿದ್ದೇ ತಡ, ಅಂಕ ಹಾಲುಕ್ಕಿದಂತೆ ಏರಿತು.

"ಇದೇನು ಮನೆನಾ, ಇಟ್ಟಿಗೆ ಗೂಡಾ? ಸಾಂಬ್ರಾಣಿ ಇನ್ಮೇಲೆ ಬಂದ್."

"ಅಮ್ಮನ ಕಾಲದಿಂದ ಬಂದಿರೋದು ರೀ."

"ನಿಮ್ಮಮ್ಮನ ಹತ್ರ ಸೆನ್ಸರ್ ಇರ್ಲಿಲ್ಲ ಕಣೇ."

ಇರಲಿಲ್ಲ, ನಿಜ. ಅಮ್ಮನೇ ಇಲ್ಲವಾಗಿ ಎಷ್ಟೋ ವರ್ಷವಾಯಿತು. ವಾರಕ್ಕೊಮ್ಮೆ ಬಂದು ಹೋಗಲು ಅವಳಿಗಿದ್ದದ್ದು ಆ ಹೊಗೆಯ ದಾರಿಯೊಂದೇ. ಅದನ್ನು ಹುಳಿಪುಡಿ ಡಬ್ಬಿಗೆ ಹೇಗೆ ತಿಳಿಸುವುದು?

ಮುಂದಿನ ಶುಕ್ರವಾರ ದೀಪ ಹಸಿರಾಗಿಯೇ ಇತ್ತು. ಮನೆ ಫಿನಾಯಿಲ್ ಹಾಕಿ ಒರೆಸಿದ ಲಾಡ್ಜಿನಂತಿತ್ತು. ಯಜಮಾನರು ಸ್ನಾನ ಮುಗಿಸಿ ಹಾಲ್‌ಗೆ ಬಂದವರು, ಯಾರದೋ ಮನೆಗೆ ನುಗ್ಗಿದವರ ಹಾಗೆ ನಿಂತರು.

"ಯಾಕೋ ಶುಕ್ರವಾರ ಅನ್ನಿಸ್ತಾನೇ ಇಲ್ವಲ್ಲೇ."

"ಗಾಳಿ ಶುದ್ಧವಾಗಿದೆ ರೀ, ಕುಡೀರಿ," ಎಂದೆ.

ಸ್ವಲ್ಪ ಹೊತ್ತು ಪೇಪರ್ ಮಗುಚಿ, ಕೊನೆಗೆ ಪೇಪರಿಗೇ ಹೇಳುವಂತೆ ಗೊಣಗಿದರು: "ಕಿಟಕಿ ಎಲ್ಲಾ ತೆಗೆದಿಟ್ಟು... ಒಂದೇ ಚಿಟಿಕೆ."

ಅಂದಿನಿಂದ ಅದೇ ಒಪ್ಪಂದ. ಶುಕ್ರವಾರ ಕಿಟಕಿಗಳನ್ನು ತೆಗೆದು, ಒಂದು ಚಿಟಿಕೆ ಉದುರಿಸಿ, ಪರೀಕ್ಷೆಯ ಫಲಿತಾಂಶ ನೋಡುವ ಹುಡುಗಿಯಂತೆ ಡಬ್ಬಿಯ ಹತ್ತಿರ ಓಡುತ್ತೇನೆ. ಹಳದಿ. ಛೆ, ಇದು ಅಮ್ಮನ ಸಾಂಬ್ರಾಣಿಯಲ್ಲ ಅನ್ನಿಸುತ್ತದೆ. ಯಜಮಾನರು ಇನ್ನೂ ಬಚ್ಚಲಲ್ಲಿದ್ದಾರೆಂದು ಖಚಿತಪಡಿಸಿಕೊಂಡು ಇನ್ನೊಂದು ಚಿಟಿಕೆ ಹಾಕುತ್ತೇನೆ.

ಕೆಂಪು. ಹಾಂ, ಅಮ್ಮ ಬಂದಳು.