ಬ್ರೇಕಿಗೆ ಹಾಕಿದ ತೆಂಗಿನೆಣ್ಣೆ

ಕಾರಿಗೆ ಏನೂ ಆಗಿರಲಿಲ್ಲ. ಬ್ರೇಕಿನ ಪೈಪಿನೊಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿತ್ತು, ಆ ಎಣ್ಣೆ ಕೊಟ್ಟವಳು ನಾನು. ನಡೆದದ್ದು ಇಷ್ಟೆ. ಇವರು, ಅಂದರೆ ನಮ್ಮ ಯಜಮಾನರು, ಇರುವಷ್ಟು ದಿನ ಜಗಲಿಗೆ ಬಂದವರಿಗೆಲ್ಲ ಬೇರೆಯೇ ಕಥೆ ಹೇಳಿದರು. ಅದರಲ್ಲಿ ಒಂದು ಸುತ್ತಿಗೆ, ಒಂದು ಸ್ಪ್ರಿಂಗು ಮತ್ತು ಇವರ ಬುದ್ಧಿ ಇತ್ತು, ತೆಂಗಿನೆಣ್ಣೆ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಗಂಡನಿಗೆ ಹೆದರಿ ಅಲ್ಲ. ಬಿಟ್ಟರೆ ನನ್ನ ಮರ್ಯಾದೆಯೂ ಹೋಗುತ್ತಿತ್ತು, ಅದಕ್ಕೆ.

ಆ ಕಾರನ್ನು ಇವರು ಕೊಂಡದ್ದು ತನ್ನ ದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ಬಿಳಿ ದೊರೆಯಿಂದ. ಘಟ್ಟದ ಮೇಲೆ ಕಾಫಿ ತೋಟ ಇದ್ದವನು. ನಮ್ಮ ಕೊಲ್ಲಮೊಗ್ರಿನಲ್ಲಿ ಆಗ ಸೈಕಲ್ ಇದ್ದವನೇ ದೊಡ್ಡ ಮನುಷ್ಯ. ಅಂಥಲ್ಲಿಗೆ ಕಪ್ಪು ಬಣ್ಣದ, ಕೋಣೆಯಷ್ಟು ದೊಡ್ಡ ಕಾರು ಬಂತು. ಸೀಟಿಗೆಲ್ಲ ಚರ್ಮ, ಎದುರಿಗೆ ನಯ ಮಾಡಿದ ಮರದ ಹಲಗೆ, ಹಿಂದೆ ಕುಳಿತವರಿಗೆ ಕಾಲಿಡಲು ಸಣ್ಣ ಮಣೆ, ಕಿಟಕಿಗೆ ರೇಷ್ಮೆಯ ಪರದೆ. ನಮ್ಮಲ್ಲಿಗೆ ಬರುವ ಮೊದಲೇ ಪರದೆಯನ್ನು ಇಲಿ ತಿಂದಿತ್ತು. ಹಲಗೆಯಲ್ಲಿದ್ದ ಗಡಿಯಾರ ಮಾತ್ರ ಸರಿಯಾಗಿ ಓಡುತ್ತಿತ್ತು. ಹಾಗಾಗಿ ಕಾರು ಎಷ್ಟು ಹೊತ್ತಿನಿಂದ ನಿಂತಿದೆ ಎಂದು ಗೊತ್ತಾಗುತ್ತಿತ್ತು.

ರಿಪೇರಿಗೆ ಇವರು ಬೇರೆಯವರ ಕೈ ತಾಗಿಸುತ್ತಿರಲಿಲ್ಲ. ಅಡಿಕೆಗೆ ಮದ್ದು ಬಿಡುವ ಪಂಪನ್ನು ಪ್ರತಿ ಮಳೆಗಾಲ ಬಿಚ್ಚಿ ಜೋಡಿಸುವವರಿಗೆ ಕಾರು ಯಾವ ಲೆಕ್ಕ? ಇವರ ಪ್ರಕಾರ ಕಾರು ಎಂದರೆ ಚಕ್ರ ಇರುವ ಮದ್ದಿನ ಪಂಪು. ಪಂಪಿನ ಚರ್ಮದ ವಾಶರು ಕಾರಿಗೆ ಹೋಯಿತು. ನೀರು ಸೋರುವಲ್ಲಿಗೆ ಅಡಿಕೆ ಹಾಳೆಯನ್ನು ಕತ್ತರಿಸಿ ಇಟ್ಟರು, ಅದರ ಸುತ್ತ ಹಲಸಿನ ಮೇಣ ಮೆತ್ತಿದರು. ಪೆಟ್ರೋಲು ಬರುವ ಸಣ್ಣ ತೂತು ಕಟ್ಟಿದರೆ ಕುತ್ತಲು ನನ್ನ ತಲೆಯ ಪಿನ್ನು. ಒಂದು ವರ್ಷದಲ್ಲಿ ಆ ಕಾರು ನನ್ನ ಹನ್ನೆರಡು ಪಿನ್ನು ತಿಂದಿದೆ. ನಾನು ಬೈಯುತ್ತಲೇ ಇದ್ದೆ. ಆದರೆ ನಿಜ ಹೇಳಬೇಕು, ಹಿಂದಿನ ಸೀಟಿನಲ್ಲಿ ಆ ಮಣೆಯ ಮೇಲೆ ಕಾಲಿಟ್ಟು ಕುಳಿತರೆ ನನ್ನ ಬೈಗುಳಕ್ಕೆ ಅಷ್ಟು ಬಲ ಇರುತ್ತಿರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಂಡೆಕೋಲಿನ ನನ್ನ ತವರಿನಲ್ಲಿ ತಂಗಿ ಲಲಿತೆಯ ಮದುವೆ. ಹತ್ತು ಗಂಟೆಗೆ ಮುಹೂರ್ತ. "ನಮ್ಮ ಸ್ವಂತ ಕಾರಿನಲ್ಲಿ ಬರುತ್ತೇವೆ" ಎಂದು ಅಣ್ಣನಿಗೆ ಕಾಗದ ಬರೆದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ "ಸ್ವಂತ" ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದೆ. ಅಣ್ಣನಿಗಾಗಿ ಅಲ್ಲ, ಅತ್ತಿಗೆ ಓದಲಿ ಎಂದು. ನನ್ನ ಮದುವೆ ನಿಶ್ಚಯ ಆದಾಗ "ಕೊಲ್ಲಮೊಗ್ರಿಗಾ? ಅಲ್ಲಿಗೆ ದಾರಿ ಉಂಟಾ?" ಎಂದು ಕೇಳಿದವರು ಅವರು. ಚಪ್ಪರ ತುಂಬ ಜನ ಇರುವಾಗ ಅವರ ಅಂಗಳದಲ್ಲಿ ಕಾರಿನಿಂದ ಇಳಿಯಬೇಕೆಂದು ನನಗೆ ಆಸೆ.

ಮದುವೆಗೆ ಎರಡು ದಿನ ಇರುವಾಗ ಬ್ರೇಕು ಸಡಿಲಾಯಿತು. ಅದಕ್ಕೆ ಹಾಕುವ ಎಣ್ಣೆ ಮಂಗಳೂರಿನಿಂದ ಬರಬೇಕು, ಅಲ್ಲಿಯವರೆಗೆ ಹರಳೆಣ್ಣೆ ಸಾಕು, ಮೊದಲೆಲ್ಲ ಅದನ್ನೇ ಹಾಕುತ್ತಿದ್ದರು ಎಂದು ಪುತ್ತೂರಿನ ಒಬ್ಬ ಮೇಸ್ತ್ರಿ ಹೇಳಿದನಂತೆ. ಇವರು ಬಂದು ಒಂದು ಕುಪ್ಪಿ ಹರಳೆಣ್ಣೆ ಕೊಡು ಎಂದರು. ಆ ಎಣ್ಣೆ ಹೇಗೆ ಆಗುತ್ತದೆ ಎಂದು ಗಂಡಸರಿಗೆ ಗೊತ್ತಿಲ್ಲ. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಲ್ಲಿ ತೆಗೆದು, ಮತ್ತೆ ಕಾಯಿಸಿ, ವರ್ಷಕ್ಕೆ ಎರಡು ಕುಪ್ಪಿ ಸಿಕ್ಕಿದರೆ ಹೆಚ್ಚು. ಮಕ್ಕಳ ಹೊಟ್ಟೆಗೂ ಬಾಣಂತಿಯ ನೆತ್ತಿಗೂ ಎಂದು ಇಟ್ಟದ್ದನ್ನು ಕಾರಿಗೆ ಹೊಯ್ಯುವುದೇ? ಒಳಗೆ ಹೋಗಿ ಅಂಥದೇ ಕುಪ್ಪಿಗೆ ತೆಂಗಿನೆಣ್ಣೆ ತುಂಬಿಸಿ ತಂದು ಕೊಟ್ಟೆ. ಇವರ ಮೂಗು ನಸ್ಯ ಏರಿಸಿ ಏರಿಸಿ ಸತ್ತಿತ್ತು, ವಾಸನೆ ಗೊತ್ತಾಗಲಿಲ್ಲ. ಹಾಕಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಡಬದವರೆಗೆ ಹೋಗಿ ಬಂದರು. ಬ್ರೇಕು ಬೆಣ್ಣೆಯ ಹಾಗೆ ಉಂಟು ಎಂದರು.

ಮದುವೆಯ ದಿನ ಬೆಳಗ್ಗೆ ಐದಕ್ಕೆ ಹೊರಟೆವು. ಒಳ್ಳೆಯ ಚಳಿ. ಇವರು ಹ್ಯಾಂಡಲು ತಿರುಗಿಸಿ, ಹತ್ತಿ ಕುಳಿತು, ಅಂಗಳದ ಇಳಿಜಾರಿನಲ್ಲಿ ಕಾರು ಬಿಟ್ಟರು. ತಿರುವಿನಲ್ಲಿ ಬ್ರೇಕು ಒತ್ತಿದರೆ ಅರೆಯುವ ಕಲ್ಲನ್ನು ಒತ್ತಿದ ಹಾಗೆ, ಕೆಳಗೇ ಹೋಗುವುದಿಲ್ಲ. ಕಾರು ನಿಧಾನವಾಗಿ ಹೋಗಿ ದನದ ಹಟ್ಟಿಯ ಹತ್ತಿರದ ಸೊಪ್ಪಿನ ರಾಶಿಗೆ ಮುಖ ಹಾಕಿ ನಿಂತಿತು. ದನ ಒಮ್ಮೆ ನೋಡಿ ಮತ್ತೆ ಮೆಲುಕು ಹಾಕಲು ತೊಡಗಿತು.

"ಆರು ಗಂಟೆಗೆ ಬಸ್ಸು ಉಂಟು ಮಾರಾಯ್ತಿ," ಎಂದರು ಇವರು.

"ನಾನು ಕಾಗದ ಬರೆದದ್ದು ಬಸ್ಸಿನಲ್ಲಿ ಬರುತ್ತೇವೆ ಎಂದು ಅಲ್ಲ," ಎಂದೆ.

ಬಸ್ಸು ಹೋಯಿತು. ಇವರು ಮದುವೆಗೆಂದು ಉಟ್ಟ ಬಿಳಿ ಪಂಚೆಯಲ್ಲಿಯೇ ಕಾರಿನ ಅಡಿಗೆ ನುಗ್ಗಿ ಬಡಿಯತೊಡಗಿದರು. ಸೊಪ್ಪಿನ ರಾಶಿಗೆ ಹೋಗುವ ಗಡಿಬಿಡಿಯಲ್ಲಿ ನನ್ನ ತುರುಬು ಬಿಚ್ಚಿತ್ತು, ಕಟ್ಟಿಕೊಳ್ಳುವ ಎಂದು ಒಳಗೆ ಹೋದೆ. ತಲೆಗೆ ಹಾಕುವ ತೆಂಗಿನೆಣ್ಣೆಯ ಕುಪ್ಪಿಯನ್ನು ಬಗ್ಗಿಸಿದರೆ ಒಂದು ಹನಿ ಬೀಳಲಿಲ್ಲ. ತಲೆಕೆಳಗು ಮಾಡಿ ಕುಲುಕಿದರೂ ಇಲ್ಲ. ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಚಳಿಗಾಲದಲ್ಲಿ ದಿನಾ ಕಡ್ಡಿ ಹಾಕಿ ಕೀಳುವ ಎಣ್ಣೆ, ಆದರೆ ಕಾರಿನ ಹೊಟ್ಟೆಯೊಳಗೂ ಅದು ಹಾಗೆಯೇ ಕೂರುತ್ತದೆ ಎಂದು ಆ ಗಳಿಗೆಯವರೆಗೆ ನನಗೆ ಹೊಳೆದಿರಲಿಲ್ಲ. ಕುಪ್ಪಿಯನ್ನು ಇದ್ದಲ್ಲಿಯೇ ಇಟ್ಟೆ. ಆಮೇಲೆ ಹೊರಗೆ ಬಂದು, ಬಿಸಿಲು ಬಂದರೆ ಸರಿಯಾಗುತ್ತದೋ ಏನೋ ಎಂದೆ.

ಕಾರಿನ ಅಡಿಯಿಂದ ಉತ್ತರ ಬಂತು: "ಬಿಸಿಲಿಗೂ ಬ್ರೇಕಿಗೂ ಎಂತ ಸಂಬಂಧ? ನಿನಗೆ ಗೊತ್ತಿಲ್ಲದ್ದು ಮಾತಾಡಬೇಡ."

ಒಂಬತ್ತೂವರೆಗೆ ಬಿಸಿಲು ಅಂಗಳಕ್ಕೆ ಇಳಿದು, ಕಾರಿನ ಬೆನ್ನು ಸುಡುವಷ್ಟಾಯಿತು. ಅದೇ ಹೊತ್ತಿಗೆ ಇವರು ಯಾವುದೋ ಒಂದು ಸ್ಪ್ರಿಂಗಿಗೆ ಕೊನೆಯ ಪೆಟ್ಟು ಹಾಕಿದರು. ಬ್ರೇಕು ಇಳಿಯಿತು. ಇವರ ಮುಖ ನೋಡಬೇಕಿತ್ತು.

ಮಂಡೆಕೋಲಿಗೆ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಧಾರೆ ಮುಗಿದಿತ್ತು, ಚಪ್ಪರದಲ್ಲಿ ಎಲೆ ತೆಗೆಯುತ್ತಿದ್ದರು. ಕಾರಿನಿಂದ ನಾನು ಇಳಿದದ್ದನ್ನು ನೋಡಿದ್ದು ಅತ್ತಿಗೆ ಒಬ್ಬರೇ.

"ಬಸ್ಸಿನವರದ್ದು ಊಟ ಆಗಿ ಎಲೆ ಅಡಿಕೆಯೂ ಆಯಿತು ಸರಸು. ಕಾರಿನವರಿಗೆ ಕೊನೆಯ ಪಂಕ್ತಿ," ಎಂದರು.

ಅದನ್ನು ಹೇಗೋ ನುಂಗಬಹುದಿತ್ತು. ಆದರೆ ಲಲಿತೆ ಬಂದು ಕೈ ಹಿಡಿದು, "ಧಾರೆಯ ಹೊತ್ತಿಗೆ ನಾನು ದಾರಿಯನ್ನೇ ನೋಡ್ತಾ ಇದ್ದೆ ಅಕ್ಕ," ಎಂದಳು. ನಾನು ಎತ್ತಿ ಆಡಿಸಿದ ಹುಡುಗಿ. ಆ ಸಂಜೆ ಇವರು ಚಪ್ಪರದಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಸ್ಪ್ರಿಂಗಿನ ಕಥೆ ಹೇಳಿದರು. ನಾನು ಸಿಟ್ಟಿಗೆ ಆರು ಹೋಳಿಗೆ ತಿಂದೆ.

ಮರುದಿನ ಬೆಳಗ್ಗೆ ಆರಕ್ಕೇ ಹೊರಡುವುದು ಎಂದು ಇವರ ಹಟ. ಅಣ್ಣನ ಮನೆಯಿಂದ ಕೆಳಗೆ ಹೊಳೆಯವರೆಗೆ ಇಳಿಜಾರು, ಅಲ್ಲಿ ಸೊಪ್ಪಿನ ರಾಶಿ ಇಲ್ಲ. ಇನ್ನು ಮಾನ ನೋಡಿ ಪ್ರಯೋಜನ ಇಲ್ಲ ಎಂದು ಐದಕ್ಕೆ ಎದ್ದು ಅಡಿಗೆ ಮನೆಗೆ ಹೋದೆ. ಕಾರಿನ ಎಣ್ಣೆ ಬದಲಿಸಬೇಕಿತ್ತು, ಆದರೆ ಯಾಕೆ ಎಂದು ಹೇಳುವ ಮೊದಲು ಅತ್ತಿಗೆಯ ಹತ್ತಿರ ಸ್ವಲ್ಪ ಹರಳೆಣ್ಣೆ ಉಂಟಾ ಎಂದಷ್ಟೇ ಕೇಳಿದೆ. ನೆಂಟರ ಹೆಂಗಸರೆಲ್ಲ ಅಲ್ಲಿಯೇ ತರಕಾರಿ ಹೆಚ್ಚುತ್ತಾ ಕುಳಿತಿದ್ದರು.

"ನಿನ್ನೆ ಆರು ಹೋಳಿಗೆ ಇಳಿಸುವಾಗಲೇ ನಾನು ಎಣಿಸಿದ್ದೆ," ಎಂದರು ಅತ್ತಿಗೆ. ಎಲ್ಲರೂ ನಕ್ಕರು.

ನಿಜ ಹೇಳಬಹುದಿತ್ತು. ಹೇಳಿದರೆ ಮೊದಲಿನಿಂದ ಹೇಳಬೇಕು, ಗಂಡನ ಮನೆಗೆ ಇನ್ನೂ ಹೊರಡದ ಲಲಿತೆಯೂ ಅಲ್ಲಿಯೇ ಇದ್ದಳು. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಅತ್ತಿಗೆ ಮನೆಯಲ್ಲಿದ್ದ ಅಷ್ಟೂ ಹರಳೆಣ್ಣೆಯನ್ನು ಬಿಸಿ ಕಾಫಿಗೆ ಹೊಯ್ದು, ಲೋಟ ಕೈಗೆ ಕೊಟ್ಟು, ಖಾಲಿ ಆಗುವವರೆಗೆ ಎದುರಿನಿಂದ ಅಲುಗಾಡಲಿಲ್ಲ. ಕುಡಿದೆ. ಇವರು ಅಂಗಳದಲ್ಲಿ ಹಾರ್ನು ಒತ್ತುತ್ತಲೇ ಇದ್ದರು. ನಾನು ಹಿತ್ತಿಲು ಬಿಟ್ಟು ಬಂದದ್ದು ಹತ್ತು ಗಂಟೆಗೆ. ಅಷ್ಟರಲ್ಲಿ ಬಿಸಿಲು ಚೆನ್ನಾಗಿ ಬಂದಿತ್ತು.