ಸೊಳ್ಳೆ ಹೊಟ್ಟೆಯಲ್ಲೊಂದು ಲಗ್ನ

ಮಲೇರಿಯಾ ಕೆಲಸದಲ್ಲಿದ್ದವನು ನಗಲು ಎಲ್ಲಿಗೂ ಹೋಗಬೇಕಾಗಿಲ್ಲ, ಯಾರದಾದರೂ ಮನೆ ಬಾಗಿಲು ತಟ್ಟಿದರೆ ಸಾಕು. ಎಪ್ಪತ್ತರ ದಶಕದಲ್ಲಿ ಚಾಮರಾಜಪೇಟೆಯ ಬೀದಿಗಳು ನನ್ನ ಪಾಲಿಗೆ ಬಂದಿದ್ದವು. ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿಕೊಂಡು, ಮಾತ್ರೆ ಕೊಟ್ಟು ಬರುವುದು ನನ್ನ ಕೆಲಸ.

೧. ಪಕ್ಕದ ಮನೆ

"ಜ್ವರ ಇದೆಯಾಮ್ಮ?" ಎಂದರೆ ಮೊದಲನೇ ಮನೆಯಾಕೆ, "ನಮ್ಮನೇಲಿಲ್ಲಪ್ಪ, ಪಕ್ಕದ ಮನೇಲಿ ಕೇಳಿ" ಎಂದರು. ಅಲ್ಲೂ ಅದೇ ಉತ್ತರ. ಹೀಗೇ ಬೀದಿಯ ಕೊನೆಗೆ ಬಂದೆ. ಕೊನೆಯ ಮನೆಯವರು ದನಿ ತಗ್ಗಿಸಿ ಹೇಳಿದರು: "ಮೊದಲನೇ ಮನೇಲಿ ಕೇಳಿ. ಮೇಷ್ಟ್ರು ಗಡಗಡ ನಡುಗ್ತಿದಾರೆ!"

೨. ಮೇಷ್ಟ್ರ ಲೆಕ್ಕ

ಗಣಿತದ ಮೇಷ್ಟ್ರು ಅವರು. ಮಾತ್ರೆ ನುಂಗಿದರು, ಜ್ವರ ಬಿಟ್ಟಿತು. ಆದರೆ ಮತ್ತೆ ರಕ್ತ ನೋಡಿದರೆ ಅರ್ಧಚಂದ್ರಾಕಾರದ ಕ್ರಿಮಿಗಳು ಇನ್ನೂ ಇದ್ದವು. ಬೇರೆ ಮಾತ್ರೆ ಹಿಡಿದು ಓಡಿದೆ. ಮನೆ ಮುಂದೆ ಚಪ್ಪರ ಏಳುತ್ತಿತ್ತು. ಮಗಳ ಮದುವೆಯಂತೆ, ನೆಂಟರೆಲ್ಲ ಇದೇ ಮನೆಯಲ್ಲಿ ಮಲಗುವವರಂತೆ. ಹಿತ್ತಲ ಬಾವಿಯ ತುಂಬ ಸೊಳ್ಳೆಮರಿ. ಮಾತ್ರೆ ತೆಗೆದು ಮೇಷ್ಟ್ರ ಮುಂದೆ ಹಿಡಿದೆ.

ಮೇಷ್ಟ್ರು ನಕ್ಕರು. "ಜ್ವರ ಬಿಡ್ತಲ್ರೀ. ಉತ್ತರ ಬಂದ್ಮೇಲೆ ಯಾರಾದ್ರೂ ಲೆಕ್ಕ ಮುಂದುವರಿಸ್ತಾರೇನ್ರಿ?"

೩. ಅಜ್ಜಿಯ ಆಕ್ಷೇಪಣೆ

ಎಷ್ಟು ಬೇಡಿಕೊಂಡರೂ ಅವರು ಒಪ್ಪಲಿಲ್ಲ. ನಡುಮನೆಯಲ್ಲಿ ಹೂ ಕಟ್ಟುತ್ತಿದ್ದ ಅವರ ತಾಯಿಯ ಮೊರೆ ಹೊಕ್ಕೆ.

"ಅಜ್ಜಿ, ನಿಮ್ಮ ಮಗನ ರಕ್ತದಲ್ಲಿ ಗಂಡು ಕ್ರಿಮಿ, ಹೆಣ್ಣು ಕ್ರಿಮಿ ಎರಡೂ ಇವೆ. ಅವು ಇವರಿಗೇನೂ ಮಾಡಲ್ಲ. ಸೊಳ್ಳೆ ಕಚ್ಚಿದಾಗ ಅದರ ಹೊಟ್ಟೆಗೆ ಹೋಗಿ ಅಲ್ಲಿ ಜೋಡಿಯಾಗ್ತವೆ. ಸೊಳ್ಳೆ ಆಮೇಲೆ ಯಾರನ್ನ ಕಚ್ಚತ್ತೋ ಅವರ ಮೈಗೆ ಅವುಗಳ ಸಂತಾನ ಸೇರತ್ತೆ. ನೆಂಟರೆಲ್ಲ ಜ್ವರ ಹೊತ್ಕೊಂಡು ಹೋಗ್ತಾರೆ."

ಅಜ್ಜಿ ಹೂವಿನ ದಾರ ಕೆಳಗಿಟ್ಟರು. ನೆಂಟರ ಚಿಂತೆ ಎಂದುಕೊಂಡೆ.

"ಗಂಡೂ ಇವನ ರಕ್ತದ್ದೇ, ಹೆಣ್ಣೂ ಇವನ ರಕ್ತದ್ದೇ?"

"ಹೌದಜ್ಜಿ."

"ಅಯ್ಯೋ ರಾಮ! ಸಗೋತ್ರ!" ಅಜ್ಜಿ ಮಗನ ಕಡೆ ತಿರುಗಿದರು. "ಗೋತ್ರ ಒಂದೇ ಆಯ್ತು ಅಂತ ಬಂಗಾರದಂಥ ಜಾತಕಗಳನ್ನ ವಾಪಸ್ ಕಳಿಸ್ದೆ. ನಿನ್ನ ಮೈಯಲ್ಲೇ ಇಂಥದ್ದು ಇಟ್ಕೊಂಡಿದೀಯಲ್ಲೋ! ನುಂಗೋ ಮೊದ್ಲು!"

ಮೇಷ್ಟ್ರು ನೀರಿಗೂ ಕಾಯದೆ ಗುಳುಂ ಎನಿಸಿದರು. ಅಜ್ಜಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು ನನಗೆ. ಚೀಲ ಹೆಗಲಿಗೇರಿಸಿ ಹೊರಟವನನ್ನು ಅವರು ಮೆಲ್ಲಗೆ ಕರೆದರು.

"ಈ ಮಾತ್ರೆ ಇನ್ನೂ ಇದೆಯೇನಪ್ಪ? ಬೀಗರ ಮನೆಗೂ ಒಂದಷ್ಟು ಕೊಟ್ಟು ಬಾ. ಗೋತ್ರ ಏನೋ ಕೇಳಿದ್ವಿ, ಅವರ ರಕ್ತದಲ್ಲಿ ಏನೇನು ನಡೀತಿದೆಯೋ ಯಾರು ಕಂಡ್ರು!"